ಬೀದರ್ ಸ್ಟೇಷನ್: ನಾನಕ್ ಝಿರಾಕ್ಕೆ ನಮ್ಮೂರಿಂದ ರೈಲಿನ ದಾರಿ

ಸಿಖ್ಖರ ಯಾತ್ರಾಸ್ಥಳ ಎಂದರೆ ನಮ್ಮ ಕಡೆಯ ಜನಕ್ಕೆ ಮೊದಲು ನೆನಪಾಗುವುದು ಅಮೃತಸರ, ಹೆಚ್ಚೆಂದರೆ ನಾಂದೇಡ. ಅಂಥದೊಂದು ದೊಡ್ಡ ಕ್ಷೇತ್ರ ಕರ್ನಾಟಕದೊಳಗೇ ಇದೆ, ಅದಕ್ಕೊಂದು ರೈಲ್ವೆ ಸ್ಟೇಷನ್ನೂ ಇದೆ ಎಂಬುದು ಬಾಗಲಕೋಟೆ, ಬಾದಾಮಿ, ಇಳಕಲ್ ಕಡೆಯ ಅನೇಕರ ಲಕ್ಷ್ಯಕ್ಕೆ ಬಂದಿಲ್ಲ. ಬೀದರ್‌ನ ಗುರು ನಾನಕ್ ಝಿರಾ ಸಾಹಿಬ್‌ಗೆ ಪಂಜಾಬಿನಿಂದ, ದೆಹಲಿಯಿಂದ, ಹೈದರಾಬಾದಿನಿಂದ ವರ್ಷವಿಡೀ ಜನ ಬರುತ್ತಾರೆ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಇರುವ ನಮಗೆ ಅದು ಒಂದು ರಾತ್ರಿ ತಂಗಿ ಬರಬಹುದಾದ ಊರು. ರೈಲಿನಲ್ಲಿ ಹೋಗಬೇಕೆಂದರೆ ಮಾತ್ರ ದಾರಿಯನ್ನು ಮೊದಲೇ ಸ್ವಲ್ಪ ತಿಳಿದುಕೊಂಡಿರಬೇಕು. ನೇರ ಗಾಡಿ ಇಲ್ಲ. ನಡುವೆ ಒಂದು ಕಡೆ ಗಾಡಿ ಬದಲಿಸಬೇಕು, ಮೂರು ಬೇರೆ ಬೇರೆ ರೈಲ್ವೆ ವಲಯಗಳ ಹಳಿಯ ಮೇಲೆ ಹೋಗಬೇಕು.

ಮೊದಲು ಕ್ಷೇತ್ರದ ವಿಷಯ. 16ನೇ ಶತಮಾನದ ಆರಂಭದಲ್ಲಿ ಗುರು ನಾನಕರು ದಕ್ಷಿಣದ ಸಂಚಾರದಲ್ಲಿ ಬೀದರ್‌ಗೆ ಬಂದು ಊರ ಹೊರಗೆ ತಂಗಿದ್ದರು, ಕುಡಿಯುವ ನೀರಿಗೆ ಜನ ಪಡುತ್ತಿದ್ದ ಪಾಡು ಕಂಡು ಕಾಲಿನಿಂದ ಒಂದು ಕಲ್ಲನ್ನು ಸರಿಸಿದಾಗ ಸಿಹಿನೀರು ಚಿಮ್ಮಿತು ಎಂದು ಸಿಖ್ ಪರಂಪರೆ ಹೇಳುತ್ತದೆ. ಅಲ್ಲಿದ್ದ ಮುಸ್ಲಿಂ ಫಕೀರರು ಅವರನ್ನು ಆದರಿಸಿ ಬರಮಾಡಿಕೊಂಡರೆಂದೂ ಆ ಕಥೆಯಲ್ಲಿದೆ. ಆ ಒರತೆ ಇಂದಿಗೂ ಹರಿಯುತ್ತಿದೆ. ಈಗಿನ ಗುರುದ್ವಾರ ಕಟ್ಟಿದ್ದು 1948ರಲ್ಲಿ.

ಬೀದರ್‌ನ ನೆಲವನ್ನು ನೋಡಿದರೆ ಈ ಒರತೆಯ ಬಗೆ ಇನ್ನಷ್ಟು ಅರ್ಥವಾಗುತ್ತದೆ. ಊರು ನಿಂತಿರುವುದು ಜಂಬಿಟ್ಟಿಗೆಯ ಎತ್ತರದ ದಿಬ್ಬದ ಮೇಲೆ. ಆ ಕೆಂಪು ಕಲ್ಲಿನ ತುಂಬ ಸಣ್ಣ ಸಣ್ಣ ತೂತು. ಮಳೆ ನೀರು ಅದರೊಳಗೆ ಇಳಿದು ಇಳಿದು ಕೆಳಗಿನ ಜೇಡಿ ಪದರಕ್ಕೆ ಬಂದು ಮುಂದೆ ಇಳಿಯಲಾರದೆ ಅಡ್ಡಕ್ಕೆ ಹರಿಯುತ್ತದೆ. ದಿಬ್ಬದ ಅಂಚು ಸಿಕ್ಕ ಕಡೆ ಒರತೆಯಾಗಿ ಹೊರಬೀಳುತ್ತದೆ. ನಾನಕ್ ಝಿರಾ, ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಮಾಡುವ ಝರಣಿ ನರಸಿಂಹ, ಪಾಪನಾಶದ ಕೆರೆ, ಇವೆಲ್ಲ ಈ ಒಂದೇ ನೆಲದ ಮಕ್ಕಳು. ಬಹಮನಿ ಕಾಲದವರು ಇದೇ ನೀರನ್ನು ನೆಲದಡಿ ಸುರಂಗ ಕೊರೆದು ಊರಿಗೆ ತಂದರು. ನೌಬಾದಿನ ಕರೇಜ್ ಇಂದಿಗೂ ನೋಡಲು ಸಿಗುತ್ತದೆ. ಆಲಮಟ್ಟಿಯ ಹಿನ್ನೀರಿಗೆ ಊರನ್ನೇ ಬಿಟ್ಟುಕೊಟ್ಟು ನವನಗರ ಕಟ್ಟಿಕೊಂಡ ಬಾಗಲಕೋಟೆಯವರಿಗೆ ನೀರಿನಿಂದ ಹುಟ್ಟಿದ ಈ ಕ್ಷೇತ್ರ ಬೇರೆಯದೇ ರೀತಿಯಲ್ಲಿ ಮನಸ್ಸಿಗೆ ಹತ್ತುತ್ತದೆ.

ಇನ್ನೊಂದು ನಂಟು ಇದಕ್ಕಿಂತ ದೊಡ್ಡದು. 1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ಖಾಲ್ಸಾ ಸ್ಥಾಪಿಸಿದಾಗ ತಲೆ ಕೊಡಲು ಮುಂದೆ ಬಂದ ಐವರನ್ನು ಪಂಜ್ ಪ್ಯಾರೆ ಎನ್ನುತ್ತಾರೆ. ಲಾಹೋರ್, ಹಸ್ತಿನಾಪುರ, ಪುರಿ, ದ್ವಾರಕೆ, ಬೀದರ್, ಹೀಗೆ ಐದು ದಿಕ್ಕಿನ ಐವರು. ಬೀದರ್‌ನಿಂದ ಹೋದವರು ಕ್ಷೌರಿಕ ಕಾಯಕದ ಮನೆತನದ ಭಾಯಿ ಸಾಹಿಬ್ ಸಿಂಗ್. ಅವರ ಹೆಸರಿನ ಗುರುದ್ವಾರವೂ ಬೀದರ್‌ನಲ್ಲಿದೆ. ಊರಿನಿಂದ ಸುಮಾರು 10 ಕಿಲೋಮೀಟರ್ ದೂರದ ಜನವಾಡದಲ್ಲಿ ಮಾಯಿ ಭಾಗೋ ಅವರ ಸ್ಮಾರಕ ಗುರುದ್ವಾರವಿದೆ. ಗುರು ಗೋವಿಂದ ಸಿಂಗರ ಪಡೆಯಲ್ಲಿ ಕತ್ತಿ ಹಿಡಿದು ಹೋರಾಡಿದ ಆ ಹೆಣ್ಣುಮಗಳು ಕೊನೆಗಾಲ ಕಳೆದದ್ದು ಅಲ್ಲಿಯೇ. ಯಾತ್ರಿಕರು ಮೂರನ್ನೂ ಸೇರಿಸಿಯೇ ನೋಡುತ್ತಾರೆ.

ಹಳಿಗಳು ಹೀಗೇಕೆ ಸುತ್ತುತ್ತವೆ

ಭೂಪಟದಲ್ಲಿ ಬಾಗಲಕೋಟೆಯಿಂದ ಬೀದರ್ ಈಶಾನ್ಯ ದಿಕ್ಕಿಗಿದೆ. ರಸ್ತೆ ವಿಜಯಪುರ, ಸಿಂದಗಿ, ಜೇವರ್ಗಿ, ಕಲಬುರಗಿ, ಹುಮನಾಬಾದ್ ಹಿಡಿದು ಹೆಚ್ಚು ಸುತ್ತದೆ ಹೋಗುತ್ತದೆ. ರೈಲು ಹಾಗಲ್ಲ. ವಿಜಯಪುರ ದಾಟಿ ಇಂಡಿ ರೋಡ್ ಮೇಲೆ ಮಹಾರಾಷ್ಟ್ರದ ಹೋಟಗಿ ತನಕ ಉತ್ತರಕ್ಕೆ ಹೋಗಿ, ಮುಂಬೈ–ಚೆನ್ನೈ ಮುಖ್ಯ ಮಾರ್ಗ ಹಿಡಿದು ಆಗ್ನೇಯಕ್ಕೆ ಕಲಬುರಗಿಗೆ ಇಳಿದು, ಅಲ್ಲಿಂದ ಮತ್ತೆ ಉತ್ತರಕ್ಕೆ ಬೀದರ್‌ಗೆ ಏರಬೇಕು.

ಬಾಗಲಕೋಟೆ, ಕಲಬುರಗಿ, ಬೀದರ್‌ಗೆ ಮೊದಲು ಹಳಿ ತಂದವರು ಬೇರೆ ಬೇರೆ ಮೂವರು. ಗದಗ–ಹೋಟಗಿ ಮಾರ್ಗವನ್ನು 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಮೀಟರ್ ಗೇಜಿನಲ್ಲಿ ಹಾಕಿತು. ಸೊಲ್ಲಾಪುರ–ಕಲಬುರಗಿ–ರಾಯಚೂರು ಮಾರ್ಗ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯದು. ಅದು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಗೆ ಕೂಡಿತು. ಬೀದರ್‌ಗೆ ರೈಲು ತಂದದ್ದು ನಿಜಾಮರ ರೈಲ್ವೆ, 1930ರ ಹೊತ್ತಿಗೆ, ವಿಕಾರಾಬಾದಿನಿಂದ. ಆ ಹಳಿ ಮುಂದೆ ಪರಳಿ ವೈಜನಾಥದ ಕಡೆಗೆ ಹೋಯಿತು. ಒಬ್ಬರ ಊರನ್ನು ಇನ್ನೊಬ್ಬರ ಊರಿಗೆ ಸೇರಿಸಬೇಕೆಂಬ ಯೋಚನೆ ಯಾರಿಗೂ ಇರಲಿಲ್ಲ. ಹುಬ್ಬಳ್ಳಿಯ ಸರಕು ಹುಬ್ಬಳ್ಳಿಗೆ, ನಿಜಾಮರ ಸರಕು ಹೈದರಾಬಾದಿಗೆ ಹೋದರೆ ಅವರಿಗೆ ಸಾಕಿತ್ತು.

ಹಳೆಯ ಹಂಚಿಕೆ ಇಂದಿಗೂ ಹೆಚ್ಚು ಬದಲಾಗಿಲ್ಲ. ಬಾಗಲಕೋಟೆ ನೈರುತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗದಲ್ಲಿದೆ. ಕಲಬುರಗಿ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿದೆ. ಬೀದರ್ ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗದಲ್ಲಿದೆ. ಒಂದೇ ರಾಜ್ಯದ ಮೂರು ಜಿಲ್ಲಾ ಕೇಂದ್ರಗಳಿಗೆ ಮುಂಬೈ, ಸಿಕಂದರಾಬಾದ್, ಹುಬ್ಬಳ್ಳಿಯ ಮೂರು ವಲಯ ಕಚೇರಿಗಳು. ಕಲಬುರಗಿಯಲ್ಲಿ ನೀವು ಇಳಿಯುವ ಗಾಡಿಗೂ ಹತ್ತುವ ಗಾಡಿಗೂ ವೇಳೆ ಹೊಂದದಿದ್ದರೆ ಕಾರಣ ಇಲ್ಲಿದೆ. ಒಂದರ ವೇಳಾಪಟ್ಟಿ ಮಾಡುವವರು ಇನ್ನೊಂದನ್ನು ಮುಂದಿಟ್ಟುಕೊಂಡು ಮಾಡಿರುವುದಿಲ್ಲ.

2017ರ ಅಕ್ಟೋಬರ್ 29ರಂದು ಪ್ರಧಾನಿ ನರೇಂದ್ರ ಮೋದಿ ಬೀದರ್–ಕಲಬುರಗಿ ಹೊಸ ಮಾರ್ಗವನ್ನು ಉದ್ಘಾಟಿಸಿದರು. ಸುಮಾರು 110 ಕಿಲೋಮೀಟರ್ ಉದ್ದದ ಈ ಹಳಿಗೆ ಮಂಜೂರಾತಿ ಸಿಕ್ಕಿದ್ದು 1990ರ ದಶಕದಲ್ಲಿ. ಎರಡು ದಶಕ ಹಿಡಿದ ಕೆಲಸ. ಅದಕ್ಕೂ ಮೊದಲು ಕಲಬುರಗಿಯವರು ಬೀದರ್‌ಗೆ ರೈಲಿನಲ್ಲಿ ಹೋಗಬೇಕೆಂದರೆ ವಾಡಿ, ತಾಂಡೂರು, ವಿಕಾರಾಬಾದ್, ಜಹೀರಾಬಾದ್ ಸುತ್ತಿ, ಎರಡು ಪಟ್ಟಿಗಿಂತ ಹೆಚ್ಚು ದೂರ ಕ್ರಮಿಸಿ, ಪಕ್ಕದ ರಾಜ್ಯ ಹೊಕ್ಕು ಬರಬೇಕಿತ್ತು. ಬಾಗಲಕೋಟೆಯವರಿಗೆ ಬೀದರ್ ರೈಲಿನ ಮಟ್ಟಿಗೆ ಹತ್ತಿರವಾದದ್ದು 2017ರ ಮೇಲೆಯೇ.

ಗಾಡಿ ಹಿಡಿಯುವ ಕ್ರಮ

ನಮ್ಮೂರಿಂದ ಹಿಡಿಯಬೇಕಾದ ಗಾಡಿ ಬಸವ ಎಕ್ಸ್‌ಪ್ರೆಸ್. ಬಾಗಲಕೋಟೆಯಿಂದ ಮೈಸೂರಿಗೆ ಹೋಗುವಾಗ ಅದರ ಸಂಖ್ಯೆ 17308, ಬರುವಾಗ 17307. ಮೈಸೂರಿಗೆ ಹೋಗುವ ಗಾಡಿ ಎಂದು ಕೇಳಿದವರು ಅದು ಗದಗ, ಹುಬ್ಬಳ್ಳಿ ಮೇಲೆ ಹೋಗುತ್ತದೆ ಎಂದುಕೊಳ್ಳುತ್ತಾರೆ. ಗದಗದ ಕಡೆಯಿಂದ ಮೈಸೂರಿಗೆ ಹೋಗುವುದು ಗೋಲಗುಮ್ಮಟ ಎಕ್ಸ್‌ಪ್ರೆಸ್. ಬಸವ ಹೋಗುವುದು ಉಲ್ಟಾ ದಿಕ್ಕಿಗೆ: ಆಲಮಟ್ಟಿ, ಬಸವನ ಬಾಗೇವಾಡಿ ರೋಡ್, ವಿಜಯಪುರ, ಆಮೇಲೆ ಕಲಬುರಗಿ, ವಾಡಿ, ಯಾದಗಿರಿ, ರಾಯಚೂರು. ಬಸವಣ್ಣನವರ ಐಕ್ಯಸ್ಥಳ ಕೂಡಲಸಂಗಮ ಇರುವ ಜಿಲ್ಲೆಯಿಂದ ಹೊರಟು, ಅವರ ಹುಟ್ಟೂರಿನ ಹೆಸರಿನ ಸ್ಟೇಷನ್ ದಾಟಿ, ಅವರ ಕರ್ಮಭೂಮಿ ಕಲ್ಯಾಣ ಇರುವ ಜಿಲ್ಲೆಯ ಕಡೆಗೆ ನಮ್ಮನ್ನು ಒಯ್ಯುವ ಗಾಡಿಗೆ ಆ ಹೆಸರು ಸರಿಯಾಗಿಯೇ ಕೂತಿದೆ. ಕಲಬುರಗಿ ಕಡೆಗೆ ಈ ಮಾರ್ಗದಲ್ಲಿ ಬೇರೆ ಗಾಡಿಗಳೂ ಇವೆ, ಆದರೆ ಯಾತ್ರೆಗೆ ನಾನು ಹೇಳುವುದು ಬಸವವನ್ನೇ.

ಹೇಳಲು ಕಾರಣವಿದೆ. ಹೋಗುವಾಗ ಈ ಗಾಡಿ ನಮ್ಮೂರಿಂದಲೇ ಹೊರಡುತ್ತದೆ. ಎಲ್ಲಿಂದಲೋ ತಡವಾಗಿ ಬರುವುದನ್ನು ಕಾಯುವ ಪ್ರಸಂಗ ಕಡಿಮೆ. ಜನರಲ್ ಬೋಗಿಯಲ್ಲಿ ಹೋಗುವವರಿಗೂ ಬಾಗಲಕೋಟೆಯಲ್ಲಿ ಕೂರಲು ಜಾಗ ಸಿಗುತ್ತದೆ. ಮರಳುವಾಗಿನ ಮಾತು ಬೇರೆ. 17307 ಮೈಸೂರಿನಿಂದ ಬೆಂಗಳೂರು, ಗುಂತಕಲ್ ಹಾದು ಬರುವ ದೂರದ ಗಾಡಿ. ಕಲಬುರಗಿಗೆ ಬರುವ ಹೊತ್ತಿಗೆ ತುಂಬಿರುತ್ತದೆ, ತಡವೂ ಆಗಬಹುದು. ಆದ್ದರಿಂದ ಹೋಗಲು ಜನರಲ್ ಟಿಕೆಟ್ ಸಾಕೆಂದರೂ ಬರಲು ರಿಸರ್ವೇಶನ್ ಮಾಡಿಸಿಕೊಳ್ಳಿ. ಮುದುಕರು, ಮಕ್ಕಳು ಜೊತೆಗಿದ್ದರಂತೂ ಇದರಲ್ಲಿ ಎರಡು ಮಾತಿಲ್ಲ.

ರಿಸರ್ವೇಶನ್ ಈಗ ತೆರೆಯುವುದು ಪ್ರಯಾಣದ 60 ದಿನ ಮೊದಲು. 2024ರ ನವೆಂಬರ್ 1ರ ತನಕ ಅದು 120 ದಿನ ಇತ್ತು. ಹಳೆಯ ಲೆಕ್ಕದಲ್ಲೇ ಇರುವವರು ಕೌಂಟರಿಗೆ ಹೋಗಿ ಬರಿಗೈಯಲ್ಲಿ ಮರಳುತ್ತಾರೆ. ಗುರು ನಾನಕ್ ಜಯಂತಿ ಬರುವುದು ಕಾರ್ತಿಕ ಹುಣ್ಣಿಮೆಗೆ. ನಮ್ಮ ಕಡೆ ಜಾತ್ರೆ, ಕಾರ್ತಿಕೋತ್ಸವಗಳ ಓಡಾಟವೂ ಅದೇ ದಿನಗಳಲ್ಲಿ. ಪಂಚಾಂಗ ನೋಡಿ, ಆ ದಿನದಿಂದ ಎರಡು ತಿಂಗಳು ಹಿಂದಕ್ಕೆ ಎಣಿಸಿ, ರಿಸರ್ವೇಶನ್ ತೆರೆದ ದಿನವೇ ಟಿಕೆಟ್ ತೆಗೆಸುವುದು ಒಳ್ಳೆಯದು. ಏಪ್ರಿಲ್ ನಡುವಿನ ವೈಶಾಖಿ, ಹೋಳಿಯ ಮರುದಿನದ ಹೋಲಾ ಮೊಹಲ್ಲಾ, ಇವೂ ಜನ ತುಂಬುವ ದಿನಗಳೇ.

ಕಲಬುರಗಿಯಿಂದ ಮುಂದೆ ಡೀಸೆಲ್‌ನಲ್ಲಿ ಓಡುವ ಡೆಮು ಗಾಡಿ. ಗಾಡಿ ಸಂಖ್ಯೆ 7ರಿಂದ ಶುರುವಾದರೆ ಅದು ಡೆಮು ಎಂದು ತಿಳಿಯಿರಿ. 0ಯಿಂದ ಶುರುವಾದರೆ ವಿಶೇಷ ಗಾಡಿ. ಡೆಮುವಿನ ಎರಡೂ ತುದಿಯಲ್ಲಿ ಚಾಲಕರ ಕೋಣೆ ಇರುವುದರಿಂದ ಕೊನೆಯ ಸ್ಟೇಷನ್ನಿನಲ್ಲಿ ಇಂಜಿನ್ ಬಿಚ್ಚಿ ಆಚೆ ಬದಿಗೆ ಕಟ್ಟುವ ಕೆಲಸವಿಲ್ಲ. ಬಂದ ಗಾಡಿ ಸ್ವಲ್ಪ ಹೊತ್ತಿನಲ್ಲೇ ಬಂದ ದಾರಿಗೆ ಹೊರಡಬಹುದು. ಡೆಮುವಿಗೆ ರಿಸರ್ವೇಶನ್ ಇಲ್ಲ. ಸಾದಾ ಟಿಕೆಟ್ ಸಾಕು, ಕೌಂಟರಿನಲ್ಲೋ ಮೊಬೈಲಿನಲ್ಲೋ ತೆಗೆಯಬಹುದು. 200 ಕಿಲೋಮೀಟರಿಗಿಂತ ಕಡಿಮೆ ದೂರದ ಸಾದಾ ಟಿಕೆಟ್‌ಗೆ ಒಂದು ಕಟ್ಟಳೆ ಇದೆ: ಟಿಕೆಟ್ ಕೊಟ್ಟ ಮೂರು ಗಂಟೆಯೊಳಗೆ, ಇಲ್ಲವೇ ಆ ಕಡೆಗೆ ಹೊರಡುವ ಮೊದಲ ಗಾಡಿಯಲ್ಲಿ, ಎರಡರಲ್ಲಿ ಯಾವುದು ತಡವೋ ಅಷ್ಟರೊಳಗೆ ಪ್ರಯಾಣ ಶುರು ಮಾಡಬೇಕು. ಬೆಳಿಗ್ಗೆ ತೆಗೆದ ಟಿಕೆಟ್ ಇಟ್ಟುಕೊಂಡು ಶರಣಬಸವೇಶ್ವರ ಗುಡಿ, ಬಂದೇ ನವಾಜ್ ದರ್ಗಾ ನೋಡಿ ಸಂಜೆ ಗಾಡಿ ಹತ್ತಿದರೆ ಟಿಸಿ ದಂಡ ಹಾಕುತ್ತಾರೆ.

ಡೆಮು ತಾಜ್‌ಸುಲ್ತಾನಪುರ, ಕಮಲಾಪುರ, ಹುಮನಾಬಾದ್, ಹಳ್ಳಿಖೇಡ ದಾಟಿ ಖಾನಾಪುರದಲ್ಲಿ ನಿಜಾಮರ ಹಳೆಯ ಹಳಿಗೆ ಸೇರುತ್ತದೆ. ಈ ಖಾನಾಪುರ ಬೀದರ್ ಜಿಲ್ಲೆಯದು. ಬೆಳಗಾವಿ ಜಿಲ್ಲೆಯಲ್ಲೂ ಅದೇ ಹೆಸರಿನ ಸ್ಟೇಷನ್ ಇರುವುದರಿಂದ ಮೊಬೈಲಿನಲ್ಲಿ ಹುಡುಕುವಾಗ ಎಚ್ಚರವಿರಲಿ. ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು. ಕಿಟಕಿ ಪಕ್ಕ ಕೂತರೆ ಕಪ್ಪು ಎರೆ ಹೊಲ ಹಿಂದೆ ಸರಿದು ಕೆಂಪು ಮಣ್ಣು ಶುರುವಾಗುವುದು ಕಣ್ಣಿಗೆ ಕಾಣುತ್ತದೆ. ಅಲ್ಲಿಂದ ಮುಂದೆ ಬೀದರ್‌ನ ದಿಬ್ಬ.

ಡೆಮು ತಪ್ಪಿದರೆ ಗಾಬರಿ ಬೇಡ. ಕಲಬುರಗಿ ಬಸ್ ನಿಲ್ದಾಣದಿಂದ ಹುಮನಾಬಾದ್ ಮೇಲೆ ಬೀದರ್‌ಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳು ಸಿಗುತ್ತವೆ. ಮೂರು ಗಂಟೆ ಹಿಡಿದುಕೊಳ್ಳಿ. ಸಂಜೆಯ ನಂತರ ಕಲಬುರಗಿ ತಲುಪುವವರಿಗೆ ಬಸ್ಸೇ ಮೇಲು ಎಂದು ನಾನು ಹೇಳುವೆ. ಸ್ಟೇಷನ್ನಿನಲ್ಲಿ ರಾತ್ರಿ ಕಾಯುವುದಕ್ಕಿಂತ ಗುರುದ್ವಾರ ತಲುಪಿ ಮಲಗುವುದು ಸುಖ.

ಗಾಡಿ ತಪ್ಪಿದ ಮಾತಿಗೇ ಸೇರಿದ ಇನ್ನೊಂದು ಅನುಕೂಲವನ್ನು ನಾಂದೇಡಕ್ಕೋ ಅಮೃತಸರಕ್ಕೋ ಹೋಗುವವರು ತಿಳಿದಿರಬೇಕು. ಎರಡು ಗಾಡಿಗಳಿಗೂ ರಿಸರ್ವೇಶನ್ ಮಾಡಿಸಿದ್ದರೆ ಎರಡು ಪಿಎನ್‌ಆರ್‌ಗಳನ್ನು ಜೋಡಿಸಿಕೊಳ್ಳಬಹುದು. 2019ರಿಂದ ಈ ವ್ಯವಸ್ಥೆ ಇದೆ. ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ, ಪ್ರಯಾಣ ಮಾಡದ ಭಾಗದ ಹಣ ವಾಪಸ್ ಬರುತ್ತದೆ. ಎರಡೂ ಟಿಕೆಟ್‌ನಲ್ಲಿ ಪ್ರಯಾಣಿಕರ ವಿವರ ಒಂದೇ ಇರಬೇಕು. ಕೌಂಟರ್ ಟಿಕೆಟ್ ಆದರೆ ತಡವಾಗಿ ಬಂದ ಗಾಡಿ ಮುಟ್ಟಿದ ಮೂರು ಗಂಟೆಯೊಳಗೆ ಅಲ್ಲಿಯೇ ಒಪ್ಪಿಸಬೇಕು. ಡೆಮುವಿನ ಸಾದಾ ಟಿಕೆಟ್‌ಗೆ ಈ ಸೌಲಭ್ಯವಿಲ್ಲ. ಅದರ ಹಣವೂ ಅಷ್ಟೇನಿಲ್ಲ ಬಿಡಿ. ಹೊರಡುವ ಮುನ್ನ ಗಾಡಿಯ ಸ್ಥಿತಿಯನ್ನು 139ಕ್ಕೆ ಕರೆ ಮಾಡಿ ಕೇಳಿ. ವೇಳೆಗಳು ಬದಲಾಗುತ್ತಲೇ ಇರುವುದರಿಂದ ನಾನಿಲ್ಲಿ ಗಂಟೆ ನಿಮಿಷ ಬರೆದಿಲ್ಲ.

ಬೀದರ್ ಸ್ಟೇಷನ್ ನಡೆಯುವ ಬಗೆ

ಬೀದರ್ ಸ್ಟೇಷನ್ ಮೂರು ದಿಕ್ಕಿನ ಯಾತ್ರಿಕರನ್ನು ಕಾಣುತ್ತದೆ. ಪೂರ್ವದಿಂದ, ಅಂದರೆ ವಿಕಾರಾಬಾದ್ ಕಡೆಯಿಂದ, ಹೈದರಾಬಾದಿನ ಜನ. ಉತ್ತರ ಭಾರತದಿಂದ ಸಿಕಂದರಾಬಾದಿಗೆ ಬಂದವರೂ ಇದೇ ದಾರಿ ಹಿಡಿಯುತ್ತಾರೆ. ಪಶ್ಚಿಮದ ಭಾಲ್ಕಿ, ಉದಗೀರ್, ಪರಳಿ ಕಡೆಯಿಂದ ಬರುವವರಲ್ಲಿ ನಾಂದೇಡ ಮುಗಿಸಿ ಬರುವ ಸಿಖ್ಖರು ಹೆಚ್ಚು. ದಕ್ಷಿಣದಿಂದ, ಕಲಬುರಗಿಯ ಹೊಸ ಹಳಿಯ ಮೇಲೆ, ನಾವು.

ನಾಂದೇಡದ ನಂಟು ಗೊತ್ತಾಗದೆ ಬೀದರ್ ಸ್ಟೇಷನ್ ಅರ್ಥವಾಗುವುದಿಲ್ಲ. ಗುರು ಗೋವಿಂದ ಸಿಂಗರು 1708ರಲ್ಲಿ ದೇಹ ಬಿಟ್ಟದ್ದು ನಾಂದೇಡದಲ್ಲಿ, ಗೋದಾವರಿ ತೀರದಲ್ಲಿ. ಅಲ್ಲಿಯ ತಖ್ತ್ ಸಚ್‌ಖಂಡ್ ಹಜೂರ್ ಸಾಹಿಬ್ ಸಿಖ್ಖರ ಐದು ತಖ್ತ್‌ಗಳಲ್ಲಿ, ಅಂದರೆ ಧರ್ಮಪೀಠಗಳಲ್ಲಿ, ಒಂದು. ಸ್ಟೇಷನ್ನಿನ ಹೆಸರೇ ಹಜೂರ್ ಸಾಹಿಬ್ ನಾಂದೇಡ. ಅಲ್ಲಿಂದ ಅಮೃತಸರಕ್ಕೆ ಸಚ್‌ಖಂಡ್ ಎಕ್ಸ್‌ಪ್ರೆಸ್ ನಿತ್ಯ ಓಡುತ್ತದೆ. ದಾರಿಯ ಕೆಲವು ಸ್ಟೇಷನ್ನುಗಳಲ್ಲಿ ಸೇವಾದಾರರು ಬೋಗಿಯ ಬಾಗಿಲಿಗೇ ಲಂಗರಿನ, ಅಂದರೆ ಗುರುದ್ವಾರದ ದಾಸೋಹದ, ಊಟ ತಂದು ಬಡಿಸುವ ಗಾಡಿ ಅದು. ಸಿಖ್ಖರೋ ಅಲ್ಲವೋ ಎಂದು ಯಾರೂ ಕೇಳುವುದಿಲ್ಲ. ತಟ್ಟೆಯೋ ಡಬ್ಬಿಯೋ ಕೈಯಲ್ಲಿ ಹಿಡಿದಿದ್ದರಾಯಿತು. ಪಂಜಾಬಿನಿಂದ ನಾಂದೇಡಕ್ಕೆ ಬಂದವರು ಬೀದರ್‌ಗೆ ಬರಲು ಇರುವ ಗಾಡಿಗಳಲ್ಲಿ ಮುಖ್ಯವಾದದ್ದು ನಾಂದೇಡ–ಬೆಂಗಳೂರು ಎಕ್ಸ್‌ಪ್ರೆಸ್, ಸಂಖ್ಯೆ 16593/16594. ಅದು ಪರಭಣಿ, ಪರಳಿ, ಉದಗೀರ್, ಭಾಲ್ಕಿ ಮೇಲೆ ಬೀದರ್‌ಗೆ ಬಂದು ವಿಕಾರಾಬಾದ್, ರಾಯಚೂರು ಹಾದು ಬೆಂಗಳೂರಿಗೆ ಹೋಗುತ್ತದೆ. ಬೆಂಗಳೂರಿನಲ್ಲಿರುವ ನಮ್ಮ ಮಕ್ಕಳಿಗೆ ಬೀದರ್ ಹೀಗೆ ನೇರ ಗಾಡಿಯ ಊರು. ಕಾಕಿನಾಡದಿಂದ ಸಾಯಿನಗರ ಶಿರಡಿಗೆ ಹೋಗುವ ಗಾಡಿಯೂ ಬೀದರ್ ಹಾದೇ ಹೋಗುತ್ತದೆ. ಹೀಗಾಗಿ ಪ್ಲಾಟ್‌ಫಾರ್ಮಿನಲ್ಲಿ ಶಿರಡಿ ಭಕ್ತರ ಮಗ್ಗುಲಲ್ಲೇ ನೀಲಿ, ಕೇಸರಿ ಪೇಟದವರು ಗಂಟುಮೂಟೆ ಇಟ್ಟುಕೊಂಡು ಕೂತಿರುವುದು ಮಾಮೂಲು. 2023ರ ಏಪ್ರಿಲ್‌ನಲ್ಲಿ ಭಾರತ್ ಗೌರವ್ ಗಾಡಿಯಲ್ಲಿ ನಡೆಸಿದ ಗುರು ಕೃಪಾ ಯಾತ್ರೆಯ ಪಟ್ಟಿಯಲ್ಲಿ ನಾಂದೇಡದ ಜೊತೆ ಬೀದರ್ ಕೂಡ ಇತ್ತು.

ಬೀದರ್‌ಗೆ ಬರುವ ಹಳಿಗಳು ಒಂಟಿ ಮಾರ್ಗ. ಎದುರಿನಿಂದ ಗಾಡಿ ಬರುತ್ತಿದ್ದರೆ ಒಂದು ಗಾಡಿ ನಡುವಿನ ಸ್ಟೇಷನ್ನಿನ ಪಕ್ಕದ ಹಳಿಯಲ್ಲಿ ಸರಿದು ನಿಲ್ಲಬೇಕು. ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಹಬ್ಬದ ದಿನ ಒಂದು ವಿಶೇಷ ಗಾಡಿ ಬಿಟ್ಟರೆ ಅದಕ್ಕೆ ದಾರಿ ಕೊಡಲು ಎರಡು ಮೂರು ಗಾಡಿ ನಿಲ್ಲುತ್ತವೆ. ಆದ್ದರಿಂದ ರೈಲ್ವೆಯವರು ಹೊಸ ಗಾಡಿಗಿಂತ ಇರುವ ಗಾಡಿಗೆ ಬೋಗಿ ಹೆಚ್ಚಿಸುವುದನ್ನೇ ಮೊದಲು ನೋಡುತ್ತಾರೆ. ನಿಮ್ಮ ಟಿಕೆಟ್ ವೇಟಿಂಗ್ ಲಿಸ್ಟಿನಲ್ಲಿದ್ದರೂ ಹಬ್ಬದ ಹೊತ್ತಿನಲ್ಲಿ ಬೋಗಿ ಹೆಚ್ಚಿ ಖಚಿತವಾಗುವುದುಂಟು. ಗಡಿಬಿಡಿಯಲ್ಲಿ ರದ್ದು ಮಾಡಬೇಡಿ. 2023ರ ಆಗಸ್ಟ್‌ನಲ್ಲಿ ಅಮೃತ್ ಭಾರತ್ ಯೋಜನೆಯಡಿ ಶಂಕುಸ್ಥಾಪನೆಯಾದ ಸ್ಟೇಷನ್ನುಗಳಲ್ಲಿ ಬೀದರ್ ಒಂದು. ನಮ್ಮ ಬಾಗಲಕೋಟೆ ಸ್ಟೇಷನ್ ಅದೇ ಯೋಜನೆಯಲ್ಲಿ ನವೀಕರಣಗೊಂಡು 2025ರ ಮೇ 22ರಂದು ಉದ್ಘಾಟನೆಯಾಯಿತು.

ಇಳಿದ ಮೇಲೆ

ಸ್ಟೇಷನ್ನಿನಿಂದ ಗುರುದ್ವಾರ ದೂರವಿಲ್ಲ. ಆಟೊದವರಿಗೆ ಗುರುದ್ವಾರ ಎಂದರೆ ಸಾಕು. ಒಳಗೆ ಹೋಗುವ ಮುನ್ನ ಜೇಬು ನೋಡಿಕೊಳ್ಳಿ. ತಂಬಾಕು, ಗುಟಕಾ, ಬೀಡಿ, ಸಿಗರೇಟು ಒಳಗೆ ಒಯ್ಯಲೇಬಾರದು. ನಮ್ಮ ಕಡೆಯ ಎಷ್ಟೋ ಜನರ ಜೇಬಿನಲ್ಲಿ ಗುಟಕಾ ಚೀಟಿ ಇದ್ದೇ ಇರುತ್ತದೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಸಿಖ್ಖರಿಗೆ ತಂಬಾಕು ಧರ್ಮದಲ್ಲೇ ನಿಷಿದ್ಧ. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ತಲೆ ಮುಚ್ಚಿಕೊಂಡು ಹೋಗಬೇಕು. ಗಂಡಸರು ಟವೆಲ್ಲೋ ವಸ್ತ್ರವೋ ಕಟ್ಟಿಕೊಳ್ಳಬಹುದು. ಹೆಂಗಸರಿಗೆ ಇಳಕಲ್ ಸೀರೆಯ ಸೆರಗೇ ಸಾಕು, ನಮ್ಮ ಹಿರಿಯ ಹೆಣ್ಣುಮಕ್ಕಳಿಗೆ ಸೆರಗು ಹೊದೆಯುವುದು ಹೊಸದಲ್ಲ. ಕಡಾ ಪ್ರಸಾದವನ್ನು ಎರಡೂ ಕೈ ಜೋಡಿಸಿ ಬೊಗಸೆಯಲ್ಲಿ ತೆಗೆದುಕೊಳ್ಳಬೇಕು. ಗೋದಿ ಹಿಟ್ಟು, ತುಪ್ಪ, ಸಕ್ಕರೆಯ ಆ ಪ್ರಸಾದ ಬಿಸಿಯಾಗಿ, ತುಪ್ಪ ಕೈಗೆ ಇಳಿಯುವ ಹಾಗಿರುತ್ತದೆ.

ಲಂಗರಿನಲ್ಲಿ ಎಲ್ಲರೂ ನೆಲದ ಮೇಲೆ ಸಾಲಾಗಿ ಕೂರುತ್ತಾರೆ. ರೊಟ್ಟಿ ಬಡಿಸುವಾಗ ತಟ್ಟೆ ಮುಂದೆ ಚಾಚದೆ ಎರಡೂ ಕೈ ಒಡ್ಡಬೇಕು. ಬೇಕಾದಷ್ಟು ಕೊಡುತ್ತಾರೆ, ಆದರೆ ತಟ್ಟೆಯಲ್ಲಿ ಬಿಡಬಾರದು. ದುಡಿದು ತಿನ್ನು, ಹಂಚಿ ತಿನ್ನು ಎಂಬುದು ಗುರು ನಾನಕರ ಬೋಧೆಯ ತಿರುಳು. ಕಾಯಕ, ದಾಸೋಹಗಳ ನೆಲದಿಂದ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊಟವಾದ ಮೇಲೆ ಪಾತ್ರೆ ತೊಳೆಯುವ ಕಡೆ ಸ್ವಲ್ಪ ಹೊತ್ತು ನಿಂತು ಕೈಜೋಡಿಸಿ. ಯಾರನ್ನೂ ಬೇಡ ಎನ್ನುವುದಿಲ್ಲ. ಯಾತ್ರಿಕರು ತಂಗಲು ಕೋಣೆಗಳಿವೆ, ಆಧಾರ್ ಕಾರ್ಡ್ ಜೊತೆಗಿರಲಿ. ಹಬ್ಬದ ದಿನ ಕೋಣೆ ಸಿಗುವುದು ಕಷ್ಟ. ಒರತೆಯ ನೀರು ಕೂಡುವ ಅಮೃತ ಕುಂಡದ ನೀರನ್ನು ಯಾತ್ರಿಕರು ಬಾಟಲಿ, ಕ್ಯಾನುಗಳಲ್ಲಿ ತುಂಬಿಕೊಂಡು ಊರಿಗೆ ಒಯ್ಯುತ್ತಾರೆ. ನೀವೂ ಒಯ್ಯುವುದಾದರೆ ಮುಚ್ಚಳ ಬಿಗಿಯಾದ ಬಾಟಲಿ ಮನೆಯಿಂದಲೇ ತೆಗೆದುಕೊಂಡು ಹೋಗಿ. ಉಳಿದ ವೇಳೆಯಲ್ಲಿ ಕೋಟೆ, 1472ರಲ್ಲಿ ಕಟ್ಟಿದ ಮಹಮೂದ್ ಗಾವಾನನ ಮದರಸಾ, ಅಷ್ಟೂರಿನ ಗೋರಿಗಳನ್ನು ನೋಡಬಹುದು.

ಇನ್ನು ನಮ್ಮ ಕಡೆಯಿಂದ ಆಗಬೇಕಾದ ಕೆಲಸ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬೀದರ್‌ಗೆ ನೇರ ಗಾಡಿ ಬೇಕು. ಹಳಿ ಇದೆ, ಗೇಜು ಒಂದೇ ಆಗಿದೆ, ಹುಬ್ಬಳ್ಳಿಯಿಂದ ಗದಗ, ಬಾಗಲಕೋಟೆ, ವಿಜಯಪುರ, ಕಲಬುರಗಿ, ಬೀದರ್ ತನಕ ಒಂದೇ ಗಾಡಿ ಓಡಿಸಲು ಹೊಸದಾಗಿ ಹಳಿ ಹಾಕಬೇಕಾಗಿಲ್ಲ. ಮೂರು ವಲಯ ದಾಟುವ ಗಾಡಿಗೆ ರೈಲ್ವೆ ಮಂಡಳಿಯ ಒಪ್ಪಿಗೆ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಅಲ್ಲಿಯ ತನಕ ಬಸವ ಎಕ್ಸ್‌ಪ್ರೆಸ್ಸಿಗೂ ಬೀದರ್ ಡೆಮುವಿಗೂ ಕಲಬುರಗಿಯಲ್ಲಿ ಎರಡೂ ದಿಕ್ಕಿಗೆ ವೇಳೆ ಹೊಂದಿಸಿದರೆ ಸಾಕು. ಅದಕ್ಕೆ ಹೊಸ ಬೋಗಿಯೂ ಬೇಡ. ಈ ಬೇಡಿಕೆಯನ್ನು ಹುಬ್ಬಳ್ಳಿಯ ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ ಬರೆದು, ಪ್ರತಿಯನ್ನು ಸೊಲ್ಲಾಪುರ ಮತ್ತು ಸಿಕಂದರಾಬಾದ್ ವಿಭಾಗಗಳಿಗೂ ನಮ್ಮ ಸಂಸದರಿಗೂ ಕಳಿಸಬೇಕು. ವಿಭಾಗೀಯ ರೈಲು ಬಳಕೆದಾರರ ಸಲಹಾ ಸಮಿತಿಯ ಸಭೆಯಲ್ಲೂ ಎತ್ತಬೇಕು. ವಿದ್ಯಾಗಿರಿಯ ಕಾಲೇಜುಗಳು, ಇಳಕಲ್ಲಿನ ನೇಕಾರರು, ಬಾದಾಮಿ, ಹುನಗುಂದದ ವ್ಯಾಪಾರಿಗಳು ಒಟ್ಟಾಗಿ ಸಹಿ ಹಾಕಿ ಕಳಿಸಲಿ. ಹೊಸ ವೇಳಾಪಟ್ಟಿ ಸಿದ್ಧವಾಗುವ ಮುನ್ನವೇ ಈ ಪತ್ರ ಮೂರೂ ಕಚೇರಿಗಳನ್ನು ಮುಟ್ಟಬೇಕು.